ಟ್ಯಾಂಕಿನ ಕೆಳಗಿನ ಹಳದಿ ಹನಿ

ಬ್ಲ್ಯಾಕ್‌ಟೌನ್, ಸಿಡ್ನಿ
೧೯ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ನಿಮ್ಮ ಅಣ್ಣನವರ ಮಂಡಿ ಆಪರೇಷನ್ ಆದಮೇಲೆ, ಅವರನ್ನು ನಡೆಸುವ ನೆಪದಲ್ಲಿ ನೀವೂ ದಿನಾ ನಡೆಯುತ್ತಿದ್ದೀರಿ ಎಂದು ಕೇಳಿ ಸಂತೋಷವಾಯಿತು. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅತ್ತಿಗೆ ಬಡಿಸಿದರೆಂದು ಮೂರನೆಯ ಒಬ್ಬಟ್ಟಿಗೆ ಎಲೆ ಒಡ್ಡಬೇಡಿ. ನಾನು ಚೆನ್ನಾಗಿದ್ದೇನೆ, ಸೊಂಟ ಮಾತ್ರ ಸ್ವಲ್ಪ ಹಿಡಿದಿದೆ. ದಿನಾ ಮೈಸೂರಿಗೆ ಫೋನ್ ಮಾಡುವವಳು ಕಾಗದ ಏಕೆ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸುತ್ತೀರಿ, ಗೊತ್ತು. ಫೋನಿನಲ್ಲಿ ನಾನು ತೊಂದರೆಯನ್ನು ಅರ್ಧ ಹೇಳುವಷ್ಟರಲ್ಲಿ ನೀವು ಪರಿಹಾರ ಹೇಳಿ ಮುಗಿಸಿರುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ. ಈ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೂ ನಾನೇ ಹೇಳಬೇಕು.

ನಮ್ಮ ಬೀದಿಯ ಮಹಾಶ್ವೇತಾ ಕಳೆದ ವರ್ಷ ಕರುಳಿನ ಕ್ಯಾನ್ಸರ್ ಆಪರೇಷನ್ ಮಾಡಿಸಿಕೊಂಡಾಗಿನಿಂದ ನಮ್ಮ ಟಾರ್ನೀಟ್ ಬಡಾವಣೆ ದಾಟಿ ಮೆಲ್ಬರ್ನ್ ಪೇಟೆಗೂ ಹೋದವಳಲ್ಲ. ಯಾವ ಗಳಿಗೆಯಲ್ಲಿ ಟಾಯ್ಲೆಟ್ಟಿಗೆ ಓಡಬೇಕಾಗುತ್ತದೋ ಅವಳಿಗೇ ತಿಳಿಯುವುದಿಲ್ಲ. ಅಂಗಡಿಗೆ ಹೋದರೂ ಅವಳ ಕಣ್ಣು ಮೊದಲು ಹುಡುಕುವುದು ಆ ಬಾಗಿಲನ್ನೇ. ರೈಲು, ವಿಮಾನ ಎಂದರೆ ಬೆವರುತ್ತಾಳೆ. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿರುವ ಅವಳ ಮಗ ಮನೋಜನಿಗೆ ಹೆಣ್ಣುಮಗು ಹುಟ್ಟಿ, ಹದಿನೇಳನೇ ತಾರೀಖು ನಾಮಕರಣ ಎಂದು ಗೊತ್ತಾದಾಗ, ವಿಡಿಯೋ ಕಾಲ್‌ನಲ್ಲಿ ನೋಡಿದರಾಯಿತು ಬಿಡು ಎಂದು ನಕ್ಕಳು. ಆ ನಗು ನನಗೆ ಸಹಿಸಲಾಗಲಿಲ್ಲ. ನಮ್ಮ ಮೋಟರ್‌ಹೋಮಿನಲ್ಲಿ ಮಂಚ, ಒಲೆಯಂತೆ ಟಾಯ್ಲೆಟ್ಟೂ ಇದೆ, ನಿನ್ನ ಸೀಟಿನಿಂದ ನಾಲ್ಕು ಹೆಜ್ಜೆ, ನೀನು ಅಂದಲ್ಲಿ ನಿಲ್ಲಿಸುತ್ತೇನೆ, ನಾನೇ ಓಡಿಸುತ್ತೇನೆ ಎಂದುಬಿಟ್ಟೆ. ಯಾವ ಸೀರೆ ಉಡಲಿ ಎಂದು ಕೇಳಿದಳು ಅವಳು.

ಮಾತು ಕೊಟ್ಟು ಎರಡು ದಿನವಾಗಿರಲಿಲ್ಲ, ಗಾಡಿಯ ಕೆಳಗೆ ಒದ್ದೆ ಕಂಡಿತು. ಒಳಗೆ ಮೂಗು ಮುಚ್ಚಿಕೊಳ್ಳುವ ವಾಸನೆ. ಗಾಡಿಯ ಹೊಟ್ಟೆಯಡಿ ಎರಡು ಟ್ಯಾಂಕುಗಳಿವೆಯಲ್ಲ, ಒಂದಕ್ಕೆ ಟಾಯ್ಲೆಟ್ಟಿನದು, ಪಕ್ಕದ್ದಕ್ಕೆ ಸ್ನಾನದ್ದು ಮತ್ತು ಪಾತ್ರೆ ತೊಳೆದ ನೀರು. ಒದ್ದೆ ಇದ್ದದ್ದು ಟಾಯ್ಲೆಟ್ ಟ್ಯಾಂಕಿನ ನೇರ ಕೆಳಗೆ. ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ಬಗ್ಗಿ ನೋಡಿ, ಟ್ಯಾಂಕಿನ ತಳ ಬಿರುಕು ಬಿಟ್ಟಿದೆ, ಬದಲಾಯಿಸಬೇಕು, ಹೊಸದು ಬರಲು ಆರು ವಾರ ಎಂದ. ಅಲ್ಲಿಯವರೆಗೆ ಟಾಯ್ಲೆಟ್ ಬಳಸುವಂತಿಲ್ಲ. ನಿಮ್ಮ ಗಂಡ ಮಿಸ್ಟರ್ ದಿವಾಕರ ಬಂದಮೇಲೆ ಮಾತಾಡೋಣ ಎಂದೂ ಸೇರಿಸಿದ. ನಿಜ ಹೇಳುತ್ತೇನೆ, ನನ್ನನ್ನು ಕೆಣಕಿದ್ದು ಆ ಕೊನೆಯ ಮಾತು. ನಾಮಕರಣಕ್ಕೆ ಉಳಿದದ್ದು ಒಂಬತ್ತು ದಿನ.

ಮನೆಗೆ ಬಂದು ಯೋಚಿಸಿದೆ. ತಳದಲ್ಲಿ ಬಿರುಕಿರುವ ಕೊಡದಲ್ಲಿ ನೀರು ನಿಲ್ಲುತ್ತದೆಯೇ? ನಮ್ಮ ಟ್ಯಾಂಕು ಅರ್ಧ ತುಂಬಿ ನಿಂತಾಗ ನೆಲ ಒಣಗಿರುತ್ತಿತ್ತು, ತುಂಬುತ್ತಾ ಬಂದಾಗ ಮಾತ್ರ ಒದ್ದೆ. ಹಾಗಾದರೆ ದೋಷ ತಳದ್ದಲ್ಲ, ಮೇಲೆಲ್ಲೋ ಇದೆ. ನೀರು ಸೋರಿದ ಕಡೆಯೇ ತೊಟ್ಟಿಕ್ಕಬೇಕೆಂದಿಲ್ಲ, ತಗ್ಗು ಸಿಕ್ಕ ಕಡೆಗೆ ಹರಿದು ಅಲ್ಲಿ ತೊಟ್ಟಿಕ್ಕುತ್ತದೆ. ಮಹಾಶ್ವೇತಾಗೆ ಹೇಳಿದೆ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳಲ್ಲವೇ, ಎರಡು ಸ್ಯಾಂಪಲ್‌ಗೆ ಎರಡು ಬಣ್ಣ ಹಾಕು ಎಂದಳು.

ಮೊದಲು ಎರಡೂ ಟ್ಯಾಂಕುಗಳನ್ನು, ಇಂಥ ಗಾಡಿಗಳ ಕೊಳಚೆ ಸುರಿಯುವ ಡಂಪ್ ಪಾಯಿಂಟಿಗೆ ಒಯ್ದು ಖಾಲಿ ಮಾಡಿ, ಮೂರು ಸಲ ತೊಳೆದೆ. ಮೊಣಕೈವರೆಗೆ ಗ್ಲೌಸು, ಮುಖಕ್ಕೆ ಮಾಸ್ಕು, ತಲೆಗೆ ನಿಮ್ಮ ಹಳೆಯ ಟೋಪಿ. ನಮ್ಮಜ್ಜಿ ಇದ್ದಿದ್ದರೆ ಬಾವಿಯ ನೀರೆಲ್ಲ ನನ್ನ ತಲೆಯ ಮೇಲೆ ಸುರಿದರೂ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಸಿಡ್ನಿಯಿಂದ ನಿಕಿತಾ ವಿಡಿಯೋದಲ್ಲಿ ನನ್ನ ವೇಷ ನೋಡಿ, "ಅಮ್ಮಾ, ಪ್ಲೀಸ್, ಡೋಂಟ್ ಟಚ್ ದಟ್ ಥಿಂಗ್" ಎಂದಳು. ನಿನ್ನ ನ್ಯಾಪಿ ಮುಟ್ಟಿದ ಕೈ ಇದು ಎಂದು ಫೋನ್ ಇಟ್ಟೆ. ಆಮೇಲೆ ಟಾಯ್ಲೆಟ್ ಟ್ಯಾಂಕಿಗೆ ಬೀಟ್‌ರೂಟ್ ಬೇಯಿಸಿದ ಕೆಂಪು ನೀರು, ಸ್ನಾನದ ಟ್ಯಾಂಕಿಗೆ ಅರಿಶಿನ ಕಲಸಿದ ನೀರು ಬಿಟ್ಟು, ಕೆಳಗೆ ನಿಮ್ಮ ಒಂದು ಬಿಳಿ ಪಂಚೆ ಹಾಸಿದೆ. (ಹಳೆಯದೇ. ಹೊಸದಕ್ಕೆ ಕೈ ಹಾಕಿಲ್ಲ.) ಅರ್ಧ ತುಂಬಿಸಿ ಊಟ ಮುಗಿಸಿ ಬಂದೆವು. ಪಂಚೆ ಒಣಗಿತ್ತು. ಕಂಠದವರೆಗೆ ತುಂಬಿಸಿದೆ. ಮಹಾಶ್ವೇತಾ ಶಾಲು ಹೊದ್ದು ಮಡಿಸುವ ಕುರ್ಚಿಯಲ್ಲಿ ಕೂತು ಬಗ್ಗಿ ನೋಡುತ್ತಿದ್ದಳು. ನಾನು ಅಂಗಾತ ಮಲಗಿದ್ದೆ, ಆ ಆಗಸ್ಟ್ ಚಳಿಯಲ್ಲಿ, ಕಾಂಕ್ರೀಟಿನ ಮೇಲೆ. ಕಾಲು ಗಂಟೆಯಾದ ಮೇಲೆ ಟಾಯ್ಲೆಟ್ ಟ್ಯಾಂಕಿನ ತಳದಿಂದಲೇ ಹನಿ ಬಿತ್ತು. ವರ್ಕ್‌ಶಾಪಿನವನೇ ಗೆದ್ದ ಎಂದುಕೊಂಡೆ. ಅವಳು ಕನ್ನಡಕ ಸರಿಮಾಡಿಕೊಂಡು, "ಜಾನಕಿ, ಇದು ಬೀಟ್‌ರೂಟ್ ಅಲ್ಲ ಕಣೇ. ಹಳದಿ" ಎಂದಳು.

ಸ್ನಾನದ ನೀರು ಪಕ್ಕದ ಟ್ಯಾಂಕಿನ ಮೈ ಹಿಡಿದು ಹರಿದು ಬಂದು ಇಲ್ಲಿ ತೊಟ್ಟಿಕ್ಕುತ್ತಿತ್ತು. ಟಾಯ್ಲೆಟ್ ಟ್ಯಾಂಕಿನದು ಏನೂ ತಪ್ಪಿರಲಿಲ್ಲ! ಟಾರ್ಚು ಮತ್ತು ನನ್ನ ಕೈಗನ್ನಡಿ ಹಿಡಿದು ಹಳದಿ ಗೆರೆಯನ್ನು ಹಿಂಬಾಲಿಸಿದೆ. ಶವರಿನ ಪೈಪು ಸ್ನಾನದ ಟ್ಯಾಂಕಿನ ಹೆಗಲಿಗೆ ಇಳಿಯುವ ಕಡೆ ಒಂದು ರಬ್ಬರ್ ಬಳೆ ಇದೆ. ಅದು ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಗಟ್ಟಿಯಾಗಿ ಸೀಳಿತ್ತು. ಅದನ್ನು ಕಿತ್ತು, ಅದೇ ಅಳತೆಯದನ್ನು ಹುಡುಕಿ ತಂದು, ಸೋಪಿನ ನೀರು ಸವರಿ ಕೂರಿಸಲು ಎರಡು ಮಧ್ಯಾಹ್ನ ಬೇಕಾಯಿತು. ಮೊದಲನೆಯದು ಅಳತೆ ತಪ್ಪಿತು. ಎರಡನೆಯದು ಕೂರುವಾಗ ಟಪ್ಪೆಂದು ಸದ್ದಾಯಿತು ನೋಡಿ, ನಿಕಿತಾಳ ಮದುವೆಯಲ್ಲಿ ಮಾಂಗಲ್ಯದ ಗಂಟು ಬಿದ್ದಾಗಲೂ ಅಷ್ಟು ನಿರಾಳ ಆಗಿರಲಿಲ್ಲ. ಆಮೇಲೆ ಎರಡೂ ಟ್ಯಾಂಕು ತುಂಬಿಸಿ, ಸಂದಿಗೆ ಟಿಶ್ಯೂ ಪೇಪರ್ ಸುತ್ತಿ, ನಮ್ಮ ಬಡಾವಣೆಯ ಸ್ಪೀಡ್ ಹಂಪುಗಳ ಮೇಲೆಲ್ಲ ಹತ್ತಿಸಿ ಇಳಿಸಿದೆ. ಪೇಪರ್ ಗರಿಗರಿಯಾಗಿಯೇ ಇತ್ತು. ವರ್ಕ್‌ಶಾಪಿನವನಿಗೆ ಹೋಗಿ ತೋರಿಸಿದೆ. ಅವನು ಒಳ್ಳೆಯವನೇ, ತಾನೇ ಗಾಡಿಯ ಅಡಿಗೆ ಇಳಿದು ನೋಡಿ, ಇದನ್ನು ಯಾರು ಮಾಡಿದ್ದು ಎಂದ. ನಾನು ಎಂದೆ. ಆ ಒಂದು ಶಬ್ದ ಹೇಳುವಾಗಿನ ಸುಖವನ್ನು ಕಾಗದದಲ್ಲಿ ಹೇಗೆ ಬರೆಯಲಿ.

ಶುಕ್ರವಾರ ಹೊರಟೆವು. ದಾರಿಯಲ್ಲಿ ಹನ್ನೊಂದು ಸಲ ನಿಲ್ಲಿಸಿದೆ. ಮೊದಲ ಮೂರು ಸಲ ಅವಳು ಸಾರಿ ಎಂದಳು, ನಾಲ್ಕನೆಯ ಸಲದಿಂದ ಬಿಟ್ಟಳು. ಆಮೇಲೆ ಕಿಟಕಿಯಾಚೆಯ ಕುರಿಗಳನ್ನು ನೋಡುತ್ತಾ ಏನೇನೋ ಹಳೆಯ ಕಥೆ ಹೇಳಲು ಶುರು ಮಾಡಿದಳು. ಭಾನುವಾರ ಬೆಳಿಗ್ಗೆ ಪೆಂಡಲ್ ಹಿಲ್‌ನ ಆ ಇಕ್ಕಟ್ಟು ರಸ್ತೆಯಲ್ಲಿ, ಒಂದೇ ಸಲಕ್ಕೆ, ಎರಡು ಕಾರುಗಳ ನಡುವೆ ಗಾಡಿ ನಿಲ್ಲಿಸಿದೆ. ಗಾಡಿಯೊಳಗೇ ಸ್ನಾನ ಮಾಡಿ, ನೇರಳೆ ಬಣ್ಣದ ರೇಷ್ಮೆಸೀರೆ ಉಟ್ಟು ಮಹಾಶ್ವೇತಾ ಮೆಟ್ಟಿಲಿಳಿದಳು. ನಾವು ಬರುವುದನ್ನು ಮನೋಜನಿಗೆ ಹೇಳಿರಲಿಲ್ಲ. ಎಲ್ಲಿ ಅರ್ಧ ದಾರಿಯಿಂದ ವಾಪಸಾಗಬೇಕಾಗುತ್ತದೋ ಎಂದು ಅವಳೇ ಬೇಡ ಎಂದಿದ್ದಳು. ಅವನು ಬಾಗಿಲಿಗೆ ತೋರಣ ಕಟ್ಟುತ್ತಿದ್ದವನು ಹಾಗೇ ನಿಂತ. "ಅಮ್ಮ, ಹೇಗೆ ಬಂದ್ರಿ?" ಎಂದ. ಬಂದೆ ಕಣೋ ಎಂದಳು, ಅಷ್ಟೇ. ಸೊಸೆ ನಿವೇದಿತಾ ಟೇಬಲ್ಲಿನ ಮೇಲೆ ಅತ್ತೆಗಾಗಿ ಒರಗಿಸಿಟ್ಟಿದ್ದ ಐಪ್ಯಾಡನ್ನು ತೆಗೆದು ಒಳಗಿಟ್ಟಳು. ಮಗುವಿನ ಕಿವಿಯಲ್ಲಿ ಮೂರು ಸಲ ಸಂಯುಕ್ತಾ ಎಂದು ಹೇಳಿದ್ದು ಅಜ್ಜಿಯೇ. ನಾನು ಹಿಂದೆ ನಿಂತು ನೋಡಿದೆ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಅರಿಶಿನವಿತ್ತು, ಪೂಜೆಯದು ಎಂದುಕೊಂಡಿರಬೇಕು ಎಲ್ಲರೂ.

ಈಗ ನಿಕಿತಾಳ ಮನೆಯಲ್ಲಿದ್ದೇನೆ. ನಿಮ್ಮ ಮಗಳು ಬಂದವರಿಗೆಲ್ಲ ಬೀಟ್‌ರೂಟಿನ ಕಥೆ ಹೇಳುತ್ತಿದ್ದಾಳೆ, ಇಂಗ್ಲಿಷಿನಲ್ಲಿ, ತಾನೇ ಕಂಡುಹಿಡಿದವಳಂತೆ. ಗುರುವಾರ ಮಹಾಶ್ವೇತಾಳನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೊರಡುತ್ತೇನೆ. ಅಣ್ಣನವರಿಗೂ ಅತ್ತಿಗೆಗೂ ನನ್ನ ನಮಸ್ಕಾರ ಹೇಳಿ. ನೀವು ಆರೋಗ್ಯವಾಗಿರಿ, ಬೇಗ ಬನ್ನಿ.

ನಿಮ್ಮ
ಜಾನಕಿ

ಮರೆತ ವಿಷಯ: ಲಕೋಟೆ ಅಂಟಿಸುವ ಮುಂಚೆ ಇದೊಂದು. ಅಂದು ಮನೆಯಲ್ಲಿ ಟಾರ್ಚ್ ಹುಡುಕಲು ನಿಮ್ಮ ಮೇಜಿನ ಡ್ರಾಯರ್ ತೆಗೆದಿದ್ದೆ. ಮನೆಯಲ್ಲೇ ಮಲದ ಸ್ಯಾಂಪಲ್ ತೆಗೆದು ಕಳಿಸಬೇಕಾದ ಕರುಳಿನ ಕ್ಯಾನ್ಸರ್ ಪರೀಕ್ಷೆಯ ಕಿಟ್, ಸರ್ಕಾರ ಕಳಿಸಿದ್ದು, ನಿಮ್ಮ ಹೆಸರಿನದು, ಒಂದಲ್ಲ ಎರಡು, ಎರಡನ್ನೂ ನೀವು ಬಿಚ್ಚಿಲ್ಲ. ಮಹಾಶ್ವೇತಾ ದಾರಿಯಲ್ಲಿ ಹೇಳಿದಳು, ಜನ್ಮವೆಲ್ಲ ಪರರ ಸ್ಯಾಂಪಲ್ ನೋಡಿದವಳು ತನ್ನ ಕಿಟ್ಟನ್ನು ಎರಡು ವರ್ಷ ಕಪಾಟಿನಲ್ಲಿಟ್ಟಿದ್ದಳಂತೆ. ಹೊಸದು ಬೇಕೆಂದು ನಾನೇ ಫೋನ್ ಮಾಡಿ ಹೇಳಿದ್ದೇನೆ. ನೀವು ಇಳಿದ ಮರುದಿನ ಬೆಳಿಗ್ಗೆ ಮಾಡಿ ಕೊಡಿ, ಪೋಸ್ಟಿಗೆ ನಾನು ಹಾಕುತ್ತೇನೆ. ನಾಚಿಕೆ ಎನ್ನಬೇಡಿ, ಆಮೇಲೆ ಎನ್ನಬೇಡಿ. ನನಗೆ ನೀವು ಬೇಕು.