ನಡುವೆ ಬಿದ್ದ ರವೆ

ಮೂಡಿಗೆರೆ
24 ಅಕ್ಟೋಬರ್ 2024

ಭುವನಾಳ ಅಪ್ಪನವರಿಗೆ ಪ್ರೇಮಾಳ ನಮಸ್ಕಾರ.

ನಿಮ್ಮ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡಿ. ಬೇರೆಯಾದ ಮೇಲೆ ಫೋನಿನಲ್ಲಿ ಎರಡನೇ ಮಾತಿಗೇ ಜಗಳ, ಕಾಗದವೇ ವಾಸಿ ಎಂದು ಶುರುಮಾಡಿದವರು ನೀವೇ. ಹಟದಲ್ಲಿ ನಾವಿಬ್ಬರೂ ಒಂದೇ ಎಂದು ಅತ್ತೆ ಹೇಳುತ್ತಿದ್ದರಲ್ಲ, ಸುಳ್ಳಲ್ಲ. ಆದರೆ ಕಾಲೇಜಿನಲ್ಲಿ ಪಾಠ ಮಾಡಿ ಬಂದರೆ ಪೆನ್ನು ಹಿಡಿಯುವಷ್ಟೂ ತ್ರಾಣ ಇರುವುದಿಲ್ಲ ಕಣ್ರೀ. ಸಾಕಾಗಿಹೋಗಿದೆ.

ಈ ವಾರ ವಿದ್ಯುತ್ ಕ್ಷೇತ್ರದ ಪ್ರಯೋಗವಿತ್ತು. ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ ಹಾಕಿ, ಮೇಲೆ ರವೆ ಉದುರಿಸಿ, ಎರಡು ತಂತಿ ಅದ್ದಿ ಚಾರ್ಜ್ ಕೊಡುವುದು. ನಮ್ಮೂರ ಥಂಡಿಯಲ್ಲಿ ಚಾರ್ಜ್ ಎಲ್ಲಿ ನಿಲ್ಲುತ್ತದೆ? ರವೆಯೂ ಮೆತ್ತಗಾಗಿತ್ತು. "ಸ್ವಲ್ಪ ಬೆಚ್ಚಗೆ ಮಾಡ್ಕೊಂಡು ಬಾರಪ್ಪ" ಎಂದು ಅಟೆಂಡರ್ ಲಕ್ಕಯ್ಯನ ಕೈಗೆ ಕೊಟ್ಟರೆ, ಪುಣ್ಯಾತ್ಮ ತುಪ್ಪ, ಸಾಸಿವೆ ಹಾಕಿ ಹುರಿದು ತಂದ! "ಉಪ್ಪಿಟ್ಟಿಗಲ್ವಾ ಮೇಡಂ?" ಅಂತಾನೆ. ಬಹಳ ದಿನದ ಮೇಲೆ ನಕ್ಕೆ.

ಮರುದಿನ ಬಿಸಿಲು ಬಿತ್ತು, ಪ್ರಯೋಗವೂ ಆಯಿತು. ಒಂದು ತಂತಿಗೆ ಪಾಸಿಟಿವ್, ಇನ್ನೊಂದಕ್ಕೆ ನೆಗೆಟಿವ್ ಕೊಟ್ಟಾಗ ರವೆಯೆಲ್ಲ ಈ ತಂತಿಯಿಂದ ಆ ತಂತಿಗೆ ಕಮಾನು ಕಟ್ಟಿ ಸಾಲಾಗಿ ನಿಂತಿತು. ಆಮೇಲೆ ಎರಡಕ್ಕೂ ಪಾಸಿಟಿವ್ ಕೊಟ್ಟೆ. ಸಾಲುಗಳು ಮುಖ ತಿರುಗಿಸಿಕೊಂಡು ಆಚೀಚೆ ಹೋದವು. ಸರಿಯಾಗಿ ನಡುವೆ ಇದ್ದ ಒಂದಿಷ್ಟು ರವೆ ಮಾತ್ರ ಬಿದ್ದಂತೆಯೇ ಬಿದ್ದಿತ್ತು.

"ಮಿಸ್, ಅದನ್ನ ಯಾವ ಕಡೆನೂ ಎಳೆಯಲ್ವಾ?" ಎಂದು ಸುಪ್ರಿಯಾ ಎಂಬ ಹುಡುಗಿ ಕೇಳಿದಳು. "ಬಲ ಎರಡೂ ಕಡೆಯದೂ ಇದೆ ಕಣೇ. ಸಮಸಮ ಇರೋದ್ರಿಂದ ಒಂದನ್ನೊಂದು ಕಳೆದುಹಾಕುತ್ತೆ" ಎಂದು ಹೇಳಿ ಬೋರ್ಡ್ ಒರೆಸಿದೆ.

ಈಗ ಮುಖ್ಯ ವಿಷಯ. ದಸರಾ ರಜೆಯಷ್ಟೂ ಭುವನಾ ಕಳಸದಲ್ಲಿ ನಿಮ್ಮ ಹತ್ತಿರವೇ ಇದ್ದಳು. "ಅಪ್ಪನ ಅಂಗಡೀಲಿ ಮೆಣಸು ತೂಗ್ತಿದೀನಮ್ಮ" ಎಂದು ಫೋನಿನಲ್ಲಿ ಹೇಳಿದಳು. ನನಗೇನೂ ಹೊಟ್ಟೆಕಿಚ್ಚಿಲ್ಲ. ಸುಳ್ಳೇಕೆ, ಇದೆ. ನನ್ನೊಬ್ಬಳಿಗಾಗಿ ಒಲೆ ಹಚ್ಚಲೂ ಮನಸ್ಸು ಬರಲಿಲ್ಲ. ದೀಪಾವಳಿಗಾದರೂ ಅವಳನ್ನು ಇಲ್ಲಿಗೆ ಕಳಿಸಿ. ನ್ಯಾಯ ನೀವೇ ಹೇಳಿ.

ಅತ್ತೆಯವರಿಗೆ ನನ್ನ ಶರಣು ತಿಳಿಸಿ, ಅವರ ಮಂಡಿನೋವು ಬೇಗ ವಾಸಿಯಾಗಲಿ. ನಿಮಗೂ ಒಳ್ಳೆಯದಾಗಲಿ.

ಇಂತಿ,
ಪ್ರೇಮಕುಮಾರಿ

ತಾ.ಕ.: ಕಾಗದ ಅಂಚೆಗೆ ಹಾಕುವ ಮೊದಲು, ಸ್ವೆಟರ್ ಕೊಟ್ಟು ಬರೋಣವೆಂದು ಭಾನುವಾರ ಚಿಕ್ಕಮಗಳೂರಿಗೆ, ಭುವನಾಳ ಹಾಸ್ಟೆಲ್ಲಿಗೆ ಹೋಗಿದ್ದೆ. "ದಸರಾಗೆ ಎಲ್ರೂ ಊರಿಗೆ ಹೋದ್ರು ಮೇಡಂ, ನಿಮ್ಮ ಮಗಳೊಬ್ಳೇ ಇಲ್ಲೇ ಉಳ್ಕೊಂಡ್ಲು" ಎಂದರು ವಾರ್ಡನ್. ನನಗೆ ನಿಮ್ಮ ಹೆಸರು, ನಿಮಗೆ ನನ್ನ ಹೆಸರು ಹೇಳಿದ್ದಾಳೆ. ಯಾಕೇ ಹೀಗೆ ಮಾಡಿದೆ ಎಂದರೆ, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ, "ಯಾರ ಮನೆಗೆ ಹೋದ್ರೂ ಇನ್ನೊಬ್ರು ಅಳ್ತೀರಲ್ಲಮ್ಮ" ಎಂದಳು. ದೀಪಾವಳಿಗೂ ಅಲ್ಲೇ ಇರುತ್ತಾಳಂತೆ. ವಾರ್ಡನ್ ಹತ್ತಿರ ಆಗಲೇ ಕೇಳಿಕೊಂಡಿದ್ದಾಳೆ.