ಕಾಲರಿನೊಳಗಿನ ತಾಯಿತ

ಜನವರಿ 5, ಶುಕ್ರವಾರ, ನಮ್ಮ ಜಾವಾದ ಐದು ದಿನದ ವಾರದಲ್ಲಿ ಲೆಗಿ. ಕ್ಲಾತೆನ್.

ಇವತ್ತೂ ತಾಲೀಮು. ಶಾಲೆಯ ಮೈದಾನದಲ್ಲಿ ಪ್ಲೈವುಡ್ಡಿನ ಕಾಬಾ, ಮೇಲೆ ಕಪ್ಪು ಬಟ್ಟೆ. ಉಮ್ರಾ ಯಾತ್ರೆಗೆ ಹೊರಟ ಮೂವತ್ತೊಂದು ಜನ ಏಳು ಸುತ್ತು ಸುತ್ತಿದೆವು. ನಾಲ್ಕನೇ ಸುತ್ತಿನಲ್ಲಿ ಗಾಳಿಗೆ ಬಟ್ಟೆ ಹಾರಿತು. ಹಾರಿ ಹಿಡಿದವನು ಯಾರು? ಕೇತೋಪ್ರಾಕ್ ನಾಟಕದಲ್ಲಿ ಹನ್ನೊಂದು ರಾಜರ ಪಾತ್ರ ಕಟ್ಟಿದ ಈ ಮರ್ತೋಯೋ! ಬೀಳುವ ಪರದೆ ಹಿಡಿದು ಹಿಡಿದು ಕೈ ಪಳಗಿದೆ.

ನಮ್ಮ ಮುಖಂಡೆ ಬು ನಿಂಗ್ಸಿಹ್. ರಿಟೈರ್ಡ್ ಹೆಡ್‌ಮಿಸ್. ಕೈಯಲ್ಲಿ ಮೈಕು, ಕಣ್ಣಲ್ಲಿ ಬೆತ್ತ.

"ಕಳೆದುಹೋದವರು ನಿಂತಲ್ಲೇ ನಿಲ್ಬೇಕು. ಹುಡುಕೋರು ಮಾತ್ರ ನಡೀಬೇಕು. ಏನಂದೆ, ಪಾಕ್ ಮರ್ತೋಯೋ?"

"ಕಳೆದುಹೋದವರು ನಿಂತಲ್ಲೇ ನಿಲ್ಲಬೇಕು!"

ನನ್ನ ಕಂಠಕ್ಕೆ ಬೇಲಿಯಾಚೆ ಮಲಗಿದ್ದ ಮೇಕೆ ಎದ್ದು ನಿಂತಿತು.

"ಮೇಕೆಗೆ ಅರ್ಥ ಆಯ್ತು," ಅಂದಳು ನನ್ನ ಹೆಂಡತಿ ತುಮಿರಾ, ಎಲ್ಲರಿಗೂ ಕೇಳುವ ಹಾಗೆ. "ಇವರಿಗೆ ಆಗಿದೆಯೋ ಇಲ್ವೋ ನೋಡಿ."

ನಲವತ್ತೆರಡು ವರ್ಷದಿಂದ ನನ್ನ ರಾಣಿ — ಮನೆಯಲ್ಲೂ, ರಂಗದ ಮೇಲೂ. ಒಂದು ಸಲವಾದರೂ ಚಪ್ಪಾಳೆ ನನಗೆ ಬಿಟ್ಟುಕೊಟ್ಟವಳಲ್ಲ.

ಕೊನೆಗೆ ಬು ನಿಂಗ್ಸಿಹ್ ದನಿ ತಗ್ಗಿಸಿದಳು. "ಇನ್ನೊಂದು. ತಾಯಿತ, ಯಂತ್ರ, ಮಂತ್ರಿಸಿದ ದಾರ — ಏನೂ ತರಬೇಡಿ. ಅಲ್ಲಿ ಸಿಕ್ಕಿಬಿದ್ರೆ ಮಾಟಗಾರ ಅಂತ ಹಿಡ್ಕೊಂಡು ಹೋಗ್ತಾರೆ. ನಾನಂತೂ ಬಿಡಿಸೋಕೆ ಬರಲ್ಲ."

ಎಷ್ಟು ಕೈಗಳು ಮೆಲ್ಲಗೆ ಸೊಂಟ ಮುಟ್ಟಿ ನೋಡಿಕೊಂಡವು! ನನ್ನದಲ್ಲ.

ಜನವರಿ 14, ಭಾನುವಾರ ಕ್ಲಿವೊನ್.

ಸಾಮಾನು ಕಟ್ಟಿದ್ದು. ಯುದ್ಧಕ್ಕೆ ಸೇನಾಪತಿ ಒಬ್ಬನೇ ಇರಬೇಕು. ಎರಡೂ ಪಾಸ್‌ಪೋರ್ಟು, ಅವುಗಳ ನಕಲು, ತುಮಿರಾಳ ಮಾತ್ರೆ, ನನ್ನ ಮಾತ್ರೆ — ಎಲ್ಲ ನನ್ನ ಹೆಗಲ ಚೀಲಕ್ಕೆ.

ಬುನೆಗೆ — ಮಗಳ ಅಮ್ಮನೆಂದು ತುಮಿರಾಳನ್ನು ನಾನು ಕರೆಯುವುದೇ ಹಾಗೆ, ಅವಳಿಗೆ ನಾನು ಪಾಕ್ನೆ — ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ತಿನ್ನಬೇಕು. ತಡವಾದರೆ ಬೆವರು, ನಡುಕ, ಆಮೇಲೆ ಮಾತು ತೊದಲುತ್ತದೆ. ಹೋದ ವರ್ಷ ಸಂತೆಯಲ್ಲಿ ಸೋಯಾ ತೆಂಪೆ ಮಾರುವವಳ ಮುಂದೆಯೇ ಕುಸಿದುಬಿದ್ದಳು. ಡಾಕ್ಟರು ಹೇಳಿದ್ದು ಒಂದೇ: ಬೆಲ್ಲದ ತುಂಡು ಸದಾ ಕೈಗೆ ಸಿಗುವಂತಿರಲಿ. ಆ ಬೆಲ್ಲವೂ ನನ್ನ ಜೇಬಿಗೆ.

"ಪಾಕ್ನೆ, ಒಂದು ತುಂಡು ನನ್ನ ಹತ್ರಾನೂ ಇರ್ಲಿ."

"ನಾನಿರುವಾಗ ನಿನಗೇಕೆ?"

"ಪುರ್ವೊದಾದಿ ಊರಿನ ಆಟ ನೆನಪಿದ್ಯಾ?"

ನೆನಪಿಲ್ಲದೆ! ಸಾವಿರ ಜನ ಕೂತಿದ್ದ ರಾತ್ರಿ. ವೈರಿಯ ಎದೆ ಸೀಳಲು ರಂಗಕ್ಕೆ ನುಗ್ಗಿದೆ — ಸೊಂಟದಲ್ಲಿ ಕಠಾರಿಯೇ ಇಲ್ಲ. ಬುನೆ ತನ್ನ ಸೆರಗಿನೊಳಗಿಂದ ಇನ್ನೊಂದು ಕಠಾರಿ ಎಳೆದು, "ತಗೊಳ್ಳಿ ಮಹಾರಾಜ, ಹಾಸಿಗೆ ಮೇಲೆ ಬಿಟ್ಟಿದ್ರಿ" ಅಂದಳು. ಜನ ಹತ್ತು ನಿಮಿಷ ನಕ್ಕರು. ಆ ವೈರಿಯೂ ನಕ್ಕ, ಸಾಯುವುದನ್ನೇ ಮರೆತು.

ಅದು ಮೂವತ್ತು ವರ್ಷದ ಹಿಂದಿನ ಮಾತು. ಬೆಲ್ಲ ನನ್ನ ಹತ್ತಿರವೇ.

ಜನವರಿ 20, ಶನಿವಾರ ಲೆಗಿ. ಸೋಲೋ ವಿಮಾನ ನಿಲ್ದಾಣ.

ಎಲ್ಲರಿಗೂ ಪ್ಲಾಸ್ಟಿಕ್ ಬಳೆ ತೊಡಿಸಿದರು. ಹೋಟೆಲಿನ ಹೆಸರು, ಬು ನಿಂಗ್ಸಿಹ್‌ಳ ಫೋನ್ ನಂಬರು ಅದರ ಮೇಲೆ. ಮಗಳು ಅಳುತ್ತಿದ್ದಾಳೆ. ಬುನೆ ನನ್ನ ಹೊಸ ಜಾಕೆಟ್ಟನ್ನು ಮಡಚಿ ಕೈಗಿತ್ತಳು — "ಮದೀನಾದಲ್ಲಿ ಚಳಿಯಂತೆ. ಇದನ್ನ ಬಿಟ್ಟು ಹೊರಗೆ ಹೋಗ್ಬೇಡಿ." ಎರಡು ಸಲ ಹೇಳಿದಳು.

ಜನವರಿ 22, ಸೋಮವಾರ ಪೋನ್. ಮದೀನಾ.

ಬಂದು ಸೇರಿದೆವು. ದೇವರು ದೊಡ್ಡವನು. ಮಸೀದಿಯ ಅಂಗಳ ಕಂಡೆ. ಅಷ್ಟು ದೊಡ್ಡ ರಂಗಸ್ಥಳ... ಅಲ್ಲಿ ಯಾರೂ ರಾಜರಲ್ಲ.

ಆಮೇಲೆ ಕ್ಲಾತೆನ್‌ನ ಇಡೀ ನಾಟಕ ಮಂಡಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಬ್ಯಾಟರಿ ಮುಗಿಯಿತು.

ಪ್ಲಾಸ್ಟಿಕ್ ಬಳೆ ಮಣಿಕಟ್ಟು ಕೆರೆಯುತ್ತಿತ್ತು. ತೆಗೆದು ಮೇಜಿನ ಮೇಲಿಟ್ಟೆ. ಹನ್ನೊಂದು ರಾಜರಲ್ಲಿ ಒಬ್ಬನೂ ಪ್ಲಾಸ್ಟಿಕ್ ತೊಟ್ಟವನಲ್ಲ.

ಸಂಜೆ ಚಳಿ. ಜಾಕೆಟ್ ಹಾಕಿದೆ. ಕಾಲರ್ ಎತ್ತಿ ನಿಲ್ಲಿಸುವಾಗ ಬೆರಳಿಗೆ ಸಿಕ್ಕಿತು — ಒಳಗೆ ಏನೋ ಗಟ್ಟಿ. ಮಡಚಿದ್ದು. ಸುತ್ತಲೂ ಬುನೆಯ ಕೈಹೊಲಿಗೆ.

ತಾಯಿತ!

ಅವಳ ತಾಯಿ ಹಾಗೆಯೇ ಮಾಡುತ್ತಿದ್ದಳು. ದೂರದೂರಿಗೆ ಆಟಕ್ಕೆ ಹೊರಟರೆ ಅಳಿಯನ ಅಂಗಿಯ ಅಂಚಿನಲ್ಲಿ ಯಂತ್ರ ಹೊಲಿದು ಕಳಿಸುವಳು. ಆದರೆ ಇಲ್ಲಿಗಾ? ಬಾಗಿಲು ಬಾಗಿಲಿಗೂ ಕಾವಲುಗಾರರು ಇರುವ ಕಡೆ?

ಕೇಳಿದರೆ ಜಗಳ. ಪುಣ್ಯಭೂಮಿಯಲ್ಲಿ ಜಗಳ ಬೇಡ. ಬಿಚ್ಚೋಣವೆಂದರೆ ಕತ್ತರಿಯಿಲ್ಲ. ಕಾವಲಿನವರನ್ನು ಕಂಡರೆ ಕತ್ತು ಒಳಕ್ಕೆಳೆದುಕೊಂಡು ನಡೆಯುತ್ತಿದ್ದೇನೆ. "ಕತ್ತು ಹಿಡ್ಕೊಂಡಿದ್ಯಾ?" ಅಂತ ಬುನೆಯೇ ಕೇಳಿದಳು. ನಾಟಕ ನೋಡು!

ಜನವರಿ 23, ಮಂಗಳವಾರ ವಾಗೆ. ಬೆಳಿಗ್ಗೆ 5.00.

ನಸುಕಿನ ನಮಾಜಿಗೆ ಹೊರಟೆವು. ಮಾತ್ರೆ ಮರೆತೀತೆಂದು ಬುನೆಗೆ ಈಗಲೇ ನುಂಗಿಸಿದೆ. "ಊಟಕ್ಕೆ ಮುಂಚೆ ಅಲ್ವಾ?" ಅಂದಳು. ಆರೂವರೆಗೆ ತಿಂಡಿ, ಅಷ್ಟರಲ್ಲಿ ಬಂದುಬಿಡುತ್ತೇವೆ. ಸೇನಾಪತಿಯ ಲೆಕ್ಕ.

ಅದೇ ದಿನ. ಬೆಳಿಗ್ಗೆ 8.10.

ಖರ್ಜೂರದ ಅಂಗಡಿಯ ಸ್ಟೂಲ್. ಸುಮ್ಮನೆ ಕೂರಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಬುನೆ ಕಳೆದುಹೋಗಿದ್ದಾಳೆ.

ಬೆಲ್ಲ ನನ್ನ ಜೇಬಿನಲ್ಲಿದೆ. ಮಾತ್ರೆ ನುಂಗಿ ಮೂರು ಗಂಟೆ. ಮೂರು ಗಂಟೆ!

ಆದದ್ದು ಇಷ್ಟು. ಮಸೀದಿಯಲ್ಲಿ ಹೆಂಗಸರ ಬಾಗಿಲು ಬೇರೆ, ಗಂಡಸರದು ಬೇರೆ. ಅವಳ ಬಾಗಿಲ ಮುಂದೆಯೇ ಮಾತಾಡಿಕೊಂಡಿದ್ದೆವು. "ಇಲ್ಲೇ ಸಿಗೋಣ. ಗುರುತು ಇಟ್ಕೋ — ಆ ಹಸಿರು ಗಾಡಿ," ಅಂದೆ. ನೆಲ ಒರೆಸುವ ಯಂತ್ರದ ಗಾಡಿ, ಕಂಬದ ಪಕ್ಕ ನಿಂತಿತ್ತು. ನಮಾಜು ಮುಗಿಸಿ ಹೊರಗೆ ಬಂದೆ. ಗಾಡಿ ಕಂಡಿತು, ಹೋಗಿ ನಿಂತೆ. ಬುನೆ ಇಲ್ಲ. ಕಾದೆ. ನೋಡನೋಡುತ್ತ ಗಾಡಿಯೇ ಹೊರಟುಬಿಟ್ಟಿತು! ಆಗ ಹೊಳೆಯಿತು — ಗಾಡಿಗೆ ಚಕ್ರ ಇರುತ್ತದೆ.

ಅಷ್ಟರಲ್ಲಿ ಬೆಳಕು. ಮಡಚಿ ನಿಂತಿದ್ದ ದೊಡ್ಡ ದೊಡ್ಡ ಕೊಡೆಗಳೆಲ್ಲ ಒಟ್ಟಿಗೇ ಬಿಚ್ಚಿಕೊಂಡವು. ಕತ್ತಲಲ್ಲಿ ನೋಡಿಕೊಂಡಿದ್ದ ಅಂಗಳವೇ ಮಾಯ. ಎಲ್ಲ ಕಂಬವೂ ಒಂದೇ, ಎಲ್ಲ ಬಾಗಿಲೂ ಒಂದೇ. ಬಾಗಿಲಿಗೆ ನಂಬರು ಇತ್ತು. ನಾನು ನೋಡಿರಲಿಲ್ಲ.

ನಡೆದೆ. ಓಡಿದೆ. "ಬುನೆ!" ಎಂದು ಕೂಗಿದೆ — ಮೈಕಿಲ್ಲದೆ ಸಾವಿರ ಜನಕ್ಕೆ ಮುಟ್ಟುತ್ತಿದ್ದ ಕಂಠ. ಲಕ್ಷ ಜನರ ನಡುವೆ ಅದು ಸೊಳ್ಳೆ.

ಫೋನ್ ಸತ್ತಿದೆ. ಬಳೆ ಮೇಜಿನ ಮೇಲೆ. ಹೋಟೆಲ್ ಹೆಸರು ದಾರ್ ಅಲ್... ಏನೋ. ಹನ್ನೊಂದು ವಂಶಗಳ ಹೆಸರು ತಪ್ಪದೆ ಹೇಳುವ ನಾಲಿಗೆ, ಇದು ಬರಲಿಲ್ಲ.

ಅಲ್ಲೇ ಇದ್ದರು ಪೊಲೀಸರು. ಮೂರು ಸಲ ಅವರ ತನಕ ಹೋದೆ. ಮೂರು ಸಲವೂ ಕಾಲರ್ ನೆನಪಾಯಿತು. ನನ್ನನ್ನು ಹಿಡಿದು ಕೂರಿಸಿದರೆ ಬುನೆಯನ್ನು ಹುಡುಕುವವರು ಯಾರು? ತಿರುಗಿ ಬಂದೆ.

ಈ ಅಂಗಡಿಯವನೇ ಕೈ ಹಿಡಿದು ನಿಲ್ಲಿಸಿದ. ಮೀಸೆ ನರೆತವನು, ನಮ್ಮ ಜಾವಾದ ಪಕ್ಕದ ಮದುರಾ ದ್ವೀಪದವನು. ಮತ್‌ರಾವಿ ಅಂತೆ.

"ಏನ್ರೀ ಯಜಮಾನ್ರ, ನಾಕನೇ ಸಲ ಇದ. ನನ್ನ ಅಂಗಡಿಗೇನು ಪ್ರದಕ್ಷಿಣಿ ಹಾಕಾಕತ್ತೀರೇನು?"

"ನನ್ನ ಹೆಂಡತಿ ಕಳೆದುಹೋಗಿದ್ದಾಳೆ."

"ಯಾವ ಹೋಟೆಲ್ಲು?"

"ದಾರ್ ಅಲ್..."

"ಇಲ್ಲಿ ಎಲ್ಲಾನೂ ದಾರ್ ಅಲ್ ಅದಾವ. ಮುಂದ?"

ಬಳೆಯಿಲ್ಲದ ಮಣಿಕಟ್ಟು ನೋಡಿಕೊಂಡೆ.

"ನಡೀರಿ, ಪೊಲೀಸರ ಕಡೆ. ದಿನಾ ಹತ್ತು ಮಂದಿನ್ನ ಮನಿ ಮುಟ್ಟಿಸ್ತಾರ ಅವರು. ಭಾಳ ಛಲೋ ಮಂದಿ."

"ಬೇಡ!"

"ಯಾಕ? ಕಳವು ಮಾಡೀರೇನು?"

ಕಿವಿಯಲ್ಲಿ ಹೇಳಿದೆ. ತಾಯಿತ. ಕಾಲರಿನಲ್ಲಿ. ಹೆಂಡತಿ ಹೊಲಿದದ್ದು.

ಅವನ ಮುಖ ಗಂಭೀರವಾಯಿತು. ಕಾಲರ್ ಒತ್ತಿ ನೋಡಿದ. "ಕುಂದರ್ರಿ. ಅಲುಗಾಡಬ್ಯಾಡ್ರಿ," ಅಂದ.

ಪಕ್ಕದ ದರ್ಜಿಯಿಂದ ಕತ್ತರಿ ತರಲು ಹೋಗಿದ್ದಾನೆ. ಬುನೆ, ಎಲ್ಲಾದರೂ ಕೂತಿರು. ಯಾರಾದರೂ ನಿನಗೆ ಒಂದು ಹಣ್ಣು ಕೊಟ್ಟಿರಲಿ. ಕುಸಿದುಬಿದ್ದಿದ್ದರೆ... ಬಂದ. ಕತ್ತರಿ—

ಅದೇ ದಿನ. ಸಂಜೆ.

ಉಸ್ಸಪ್ಪಾ!

ಬರೆಯುತ್ತೇನೆ. ನಿಧಾನವಾಗಿ. ಈಗ ಅವಸರವಿಲ್ಲ. ಬುನೆ ಮಂಚದ ಮೇಲೆ ಕೂತು ಸೂಜಿಗೆ ನೂಲು ಪೋಣಿಸುತ್ತಿದ್ದಾಳೆ.

ಮತ್‌ರಾವಿ ಹೊಲಿಗೆ ಬಿಚ್ಚಿದ. ನಾನು ಕಣ್ಣು ಮುಚ್ಚಿದೆ. ಪ್ಲಾಸ್ಟಿಕ್ಕಿನ ಸದ್ದು. ಆಮೇಲೆ ಅವನ ನಗು — ಖರ್ಜೂರದ ತಟ್ಟೆ ಅಲುಗುವಂಥ ನಗು.

"ಯಜಮಾನ್ರ, ಇದರಾಗ ಭಾರೀ ಮಂತ್ರ ಬರದಾರ! ಓದ್ಲೇನು?"

ಮಡಚಿದ ಚೀಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಒಂದು ಕಡೆ ಅರಬ್ಬಿ ಅಕ್ಷರದಲ್ಲಿ ಹೋಟೆಲಿನ ಹೆಸರು, ಬು ನಿಂಗ್ಸಿಹ್‌ಳ ನಂಬರು. ತಾಲೀಮಿನ ದಿನ ಹಂಚಿದ್ದ ಹಾಳೆಯಿಂದ ಕತ್ತರಿಸಿದ್ದು. ಇನ್ನೊಂದು ಕಡೆ ಬುನೆಯ ದುಂಡು ಅಕ್ಷರ:

"ಇವರು ನಮ್ಮ ಯಜಮಾನರು. ಕಳೆದುಹೋಗಿದ್ದಾರೆ. ಇಲ್ಲ ಅಂತ ವಾದ ಮಾಡುತ್ತಾರೆ, ನಂಬಬೇಡಿ. ಕೂರಿಸಿ, ಚಹಾ ಕೊಟ್ಟು, ಈ ನಂಬರಿಗೆ ಫೋನ್ ಮಾಡಿ. ಮಾತು ಜಾಸ್ತಿ, ಸಹಿಸಿಕೊಳ್ಳಿ. ಮನುಷ್ಯ ಒಳ್ಳೆಯವರು."

ಮತ್‌ರಾವಿ ಮೊದಲು ಚಹಾ ಕೊಟ್ಟ. ಆಮೇಲೆ ಫೋನ್. ಸ್ಪೀಕರಿನಲ್ಲಿ ಬು ನಿಂಗ್ಸಿಹ್ — "ತುಮಿರಾ ಇಲ್ಲೇ ಇದ್ದಾರೆ, ಇಪ್ಪತ್ತೈದನೇ ಬಾಗಿಲ ಮುಂದೆ. ಬೆಳಿಗ್ಗೆಯಿಂದ ಒಂದಡಿ ಅಲುಗಾಡಿಲ್ಲ. ನಾವು ಹುಡುಕ್ತಾ ಇರೋದು ನಿಮ್ಮನ್ನ!"

"ಅವಳು... ತಿಂದಳಾ?"

"ತಿಂದಿದ್ದಾರೆ. ನೀವು ಅಲ್ಲಿಂದ ಎದ್ರೆ ನೋಡಿ! ನಿಂತಲ್ಲೇ ಏನು ಮಾಡ್ಬೇಕು?"

"ನಿಲ್ಲಬೇಕು," ಅಂದೆ. ಮೇಕೆಗೂ ಕೇಳದಷ್ಟು ಸಣ್ಣ ದನಿ.

ಅವರೇ ಬಂದರು. ಅಂಗಳದ ತುದಿಯಿಂದ ಬುನೆ ನಡೆದು ಬರುವುದು ಕಂಡಿತು. ನೆಟ್ಟಗೆ. ನಡುಕವಿಲ್ಲ. ಎಷ್ಟು ಸಲ ರಂಗದ ಮೇಲೆ ಅವಳ ಪ್ರವೇಶ ನೋಡಿದ್ದೇನೆ... ಇದರಂಥದ್ದು ನೋಡಿರಲಿಲ್ಲ. ಆ ಹೊತ್ತಿಗೆ ಸರಿಯಾದ ಮಾತು ಬೇಕಿತ್ತು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ ನನಗೆ ಮಾತು ಮರೆತುಹೋಯಿತು. ಜೇಬಿನಿಂದ ಬೆಲ್ಲದ ಪೊಟ್ಟಣ ತೆಗೆದು ಸುಮ್ಮನೆ ಚಾಚಿದೆ. ಬೆವರಿಗೆ ಕರಗಿ ಕಾಗದಕ್ಕೆ ಅಂಟಿತ್ತು.

ಬುನೆ ನನ್ನ ಮುಖ ನೋಡಿದಳು. ಕೈ ನೋಡಿದಳು. ಒಂದು ತುಂಡು ಕಿತ್ತು ನನ್ನ ಬಾಯಿಗೇ ಇಟ್ಟಳು.

"ತಿನ್ನಿ ಮೊದ್ಲು. ಎಷ್ಟು ನಡುಗ್ತಿದ್ದೀರಾ."

"ನಿನಗೆ?"

ಕರವಸ್ತ್ರದ ಗಂಟು ಬಿಚ್ಚಿ ತೋರಿಸಿದಳು. ನಮ್ಮೂರಿನ ಬೆಲ್ಲ, ಇನ್ನೂ ಎರಡು ತುಂಡು ಉಳಿದಿತ್ತು. "ಕಾಲು ನಡುಗೋಕೆ ಶುರು ಆಯ್ತು, ತಿಂದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ಖರ್ಜೂರ, ರೊಟ್ಟಿ ಕೊಟ್ರು. ಯಾವ ದೇಶವೋ, ಭಾಷೆ ಗೊತ್ತಿಲ್ಲ. ಗಂಡಂದಿರ ಬಗ್ಗೆ ತುಂಬಾ ಮಾತಾಡಿದ್ವಿ."

"ಕಾಲರಿನಲ್ಲಿದ್ದದ್ದು ತಾಯಿತ ಅಂದ್ಕೊಂಡಿದ್ದೆ, ಬುನೆ. ಅದಕ್ಕೇ ಪೊಲೀಸರ ಹತ್ರ ಹೋಗ್ಲಿಲ್ಲ."

"ಕೇಳ್ಬಹುದಿತ್ತಲ್ಲಾ?"

"ನೀನೂ ಹೇಳ್ಬಹುದಿತ್ತು."

"ಹೇಳಿದ್ರೆ? ನಾನಿರುವಾಗ ನಿನಗೇಕೆ ಅಂತ ಕಿತ್ತು ಬಿಸಾಕ್ತಿದ್ರಿ."

ಮತ್‌ರಾವಿ ಚೀಟಿ ವಾಪಸು ಕೊಟ್ಟ, ಎರಡೂ ಕೈಯಿಂದ. "ಅಮ್ಮಾರ, ಇಂಥಾ ತಾಯಿತ ನನಗೊಂದು ಬರದು ಕೊಡ್ರಿ. ನನ್ನ ಹೆಂಡತಿಗೆ ಕಳಸ್ತೀನಿ. ನೋಡಿ ಕಲೀಲಿ."

ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನಾಟಕದ ಅಳುವಲ್ಲ. ಅದಕ್ಕೆ ದನಿಯೇ ಇರಲಿಲ್ಲ.

ಜನವರಿ 24, ಬುಧವಾರ ಕ್ಲಿವೊನ್. ಬೆಳಿಗ್ಗೆ 5.00.

ಹೊಸ ಆಡಳಿತ. ಪಾಸ್‌ಪೋರ್ಟು ಅವರವರದು ಅವರವರ ಬಳಿ. ಬೆಲ್ಲ ಅರ್ಧ ಅವಳಲ್ಲಿ, ಅರ್ಧ ನನ್ನಲ್ಲಿ. ಮಾತ್ರೆ ತಿಂಡಿಯ ತಟ್ಟೆ ಮುಂದೆ ಬಂದ ಮೇಲೆ ಮಾತ್ರ. ಫೋನ್ ಚಾರ್ಜ್ ತುಂಬಿದೆ. ಮಂಡಳಿಗೆ ವಿಡಿಯೋ ಕಾಲ್ ನಿಷೇಧ. ಪ್ಲಾಸ್ಟಿಕ್ ಬಳೆ ಬುನೆಯೇ ತೊಡಿಸಿದಳು. ಕಿರೀಟಕ್ಕಿಂತ ಹಗುರ, ನಿಜ ಹೇಳಬೇಕೆಂದರೆ. ಚೀಟಿ ಮತ್ತೆ ಕಾಲರಿನೊಳಗೆ. ಈ ಸಲ ಹೊಲಿಗೆ ಇನ್ನೂ ಗಟ್ಟಿ. ಆಗಾಗ ಬೆರಳಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಬಾಗಿಲಲ್ಲಿ ನಿಂತಿದ್ದಾಳೆ. ಪಾಠ ಒಪ್ಪಿಸದೆ ಹೊರಗೆ ಬಿಡುವುದಿಲ್ಲವಂತೆ. ಬಳೆ ನೋಡುವ ಹಾಗಿಲ್ಲ.

"ಬಾಗಿಲು?"

ಇಪ್ಪತ್ತೈದು!

"ಕಳೆದುಹೋದ್ರೆ?"

ನಿಂತಲ್ಲೇ ನಿಲ್ಲಬೇಕು!

"ಹೋಟೆಲ್ಲು?"

ಕೇಳಿದಳಲ್ಲಾ... ಈ ಡೈರಿಯಲ್ಲೇ ಬರೆದುಕೊಂಡಿರಬೇಕಿತ್ತು. ನಿನ್ನೆ ಇಡೀ ಸಂಜೆ ಬಾಯಿಪಾಠ ಮಾಡಿದ್ದೇನೆ, ನಾಲಿಗೆ ತುದಿಯಲ್ಲೇ ಇದೆ. ಬರೆದೇಬಿಡುತ್ತೇನೆ — ದಾರ್ ಅಲ್... ದಾರ್ ಅಲ್—