ಬಾಣಂತಿಯ ಪಕ್ಕ ಕೂತ ಮಧ್ಯಾಹ್ನ

ಮೂಡಿಗೆರೆ
೧೪-೧೨-೨೦೦೨

ಪ್ರೀತಿಯ ಸೌಜನ್ಯಾಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕಾಫಿ ಕುಯ್ಲು ಶುರುವಾಗಿದೆ. ಗೋಣಿಚೀಲ, ಟಾರ್ಪಾಲು ಕೇಳಿಕೊಂಡು ಅಂಗಡಿಗೆ ಬರುವವರ ನಡುವೆ ನಿನ್ನ ಮಾವನವರಿಗೆ ಊಟಕ್ಕೂ ಪುರುಸೊತ್ತಿಲ್ಲ. ನಿನ್ನ ಗಂಡ ಶಶಿಕಿರಣ ಚೆನ್ನಾಗಿದ್ದಾನೆ. ಚಪಾತಿ ಲಟ್ಟಿಸುವುದನ್ನು ಕಲಿತಿದ್ದಾನೆ, ಆಕಾರ ಮಾತ್ರ ಕೇಳಬೇಡ.

ರೋಗಿಯ ಎದುರೇ ಅತ್ತುಬಿಟ್ಟೆ, ಮನಶ್ಶಾಸ್ತ್ರ ನನ್ನ ಕೈಲಾಗದು, ತರಬೇತಿ ಬಿಟ್ಟು ಬರುತ್ತೇನೆ ಎಂದು ಬರೆದಿದ್ದೀಯ. ಗಂಟುಮೂಟೆ ಕಟ್ಟುವ ಮೊದಲು ಇಲ್ಲಿ ನಡೆದದ್ದು ಕೇಳು.

ಪಕ್ಕದ ಮನೆ ಸಾವಿತ್ರಮ್ಮನ ಮಗಳು ಮೇಘಶ್ರೀ ಬಾಣಂತನಕ್ಕೆ ಬಂದಿದ್ದಾಳಲ್ಲ, ಮಗುವನ್ನು ಮುಟ್ಟುತ್ತಲೇ ಇರಲಿಲ್ಲ. ಗೋಡೆ ನೋಡುತ್ತಾ ಮಲಗಿರುತ್ತಿದ್ದಳು. "ಗಾಳಿ ಸೋಕಿದೆ ಕಣ್ರೀ, ತಾಯತ ಕಟ್ಟಿಸ್ಬೇಕು" ಎಂದು ಸಾವಿತ್ರಮ್ಮ ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ಹೋಗಿ ಅವಳ ಪಕ್ಕ ಕೂತೆ. ಬುದ್ಧಿ ಹೇಳಬಾರದು, ಕೇಳಿಸಿಕೊಳ್ಳಬೇಕು ಅಂತ ನೀನು ಹೇಳುತ್ತಿದ್ದೆಯಲ್ಲ, ಬಾಯಿ ಬಿಗಿಹಿಡಿದೆ. ನನಗೆ ಅದೆಷ್ಟು ಕಷ್ಟ, ನಿನಗೇ ಗೊತ್ತು!

ಬಹಳ ಹೊತ್ತಾದ ಮೇಲೆ, "ಆಂಟಿ, ಮಗು ಅತ್ರೆ ಎಲ್ಲಾದ್ರೂ ಓಡಿಹೋಗ್ಬೇಕು ಅನ್ಸುತ್ತೆ. ನಾನು ಕೆಟ್ಟೋಳಾ?" ಅಂದಳು. ನನಗೆ ಅಳು ತಡೆಯಲಾಗಲಿಲ್ಲ. ಆಗ ಅವಳೇ ನನ್ನ ಕೈ ಹಿಡಿದುಕೊಂಡು ಉಳಿದದ್ದೆಲ್ಲ ಹೇಳಿದಳು.

ಮರುದಿನ ಇಲ್ಲಿನ ಡಾಕ್ಟರಿಗೆ ತೋರಿಸಿದೆವು. "ಬಾಣಂತಿಯರಿಗೆ ಬರೋ ಕಾಯಿಲೆ ಇದು, ವಾಸಿಯಾಗುತ್ತೆ" ಎಂದು ಅವರು ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿಕೊಟ್ಟರು. ಮೂರು ವಾರದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ನಿನ್ನೆ ಮಗುವಿಗೆ ತಾನೇ ಎಣ್ಣೆ ಹಚ್ಚಿದಳು.

ನಿನ್ನನ್ನು 'ಹುಚ್ಚರ ಡಾಕ್ಟ್ರು' ಅಂತ ಆಡಿಕೊಂಡಿದ್ದ ಅದೇ ಸಾವಿತ್ರಮ್ಮ ಈಗ, "ನಿಮ್ ಸೊಸೆ ಯಾವಾಗ ಬರ್ತಾರೆ? ಮೂಡಿಗೆರೇಲೇ ಕೂರೋಕೆ ಹೇಳಿ ಮಾರಾಯ್ರೆ" ಅನ್ನುತ್ತಾರೆ. ನಿನ್ನ ಮಾವನವರೂ, "ಅಂಗಡಿ ಮೇಲಿನ ರೂಮು ಖಾಲಿ ಮಾಡಿಸ್ತೀನಿ. ಓದು ಮುಗಿಸ್ಕೊಂಡೇ ಬರ್ಲಿ" ಅಂದಿದ್ದಾರೆ. ಅಳು ಬಂತು ಅಂತ ಯಾರಾದರೂ ಕೆಲಸ ಬಿಡುತ್ತಾರೆಯೇ ಮಗಳೇ?

ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ನಿನ್ನ ಕೈಯಲ್ಲಿ ಚೆನ್ನಾಗಿ ಆಗಲಿ.

ನಿನ್ನ ಅತ್ತೆ
ಬಸಮ್ಮ

ಕಾಗದ ಮಡಿಸಿಟ್ಟವಳು ಇದೊಂದನ್ನು ಬರೆಯಲು ಮತ್ತೆ ಬಿಚ್ಚಿದೆ. ಶಶಿಕಿರಣ ಹುಟ್ಟಿದಾಗ ನಾನೂ ಹಾಗೇ ಇದ್ದೆ. ಗಾಳಿ ಬಿಡಿಸಬೇಕೆಂದು ಕೋಣೆಯಲ್ಲಿ ಕೂಡಿಹಾಕಿ ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಏನಾಗ್ತಿದೆ ಅಂತ ಯಾರೂ ಕೇಳಲಿಲ್ಲ. ಅದು ಕಾಯಿಲೆ ಅಂತ ನನಗೆ ತಿಳಿದದ್ದು ಈಗ, ಆ ಡಾಕ್ಟರ ಬಾಯಿಂದ. ಮಗುವನ್ನು ವರ್ಷದವರೆಗೆ ನನ್ನಕ್ಕ ಸಾಕಿದಳು. ಅವನಿಗೆ ಇದೊಂದೂ ಗೊತ್ತಿಲ್ಲ. ಅವನು ಮೊದಲು 'ಅಮ್ಮ' ಅಂದದ್ದು ಅವಳಿಗೇ.